ಅರವತ್ತೆರಡು ಬ್ಲಾಕು, ಆರು ವರ್ಷ: ಅನಾಟಮಿಯವಳೊಬ್ಬಳ ಪಿಎಚ್.ಡಿ. ಕಥೆ

ಪಿಎಚ್.ಡಿ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿದು ಮೂರು ವಾರವಾಯಿತು. ಬೆಳಗ್ಗೆ ಎದ್ದ ಕೂಡಲೇ ಇವತ್ತು ಯಾರ ಸಹಿಗೆ ಕಾಯಬೇಕು ಎಂದು ಈಗಲೂ ಒಂದು ಕ್ಷಣ ಗಾಬರಿಯಾಗುತ್ತದೆ. ಇನ್ನು ಯಾರ ಸಹಿಯೂ ಬೇಕಿಲ್ಲ ಎಂಬುದು ಆಮೇಲೆ ನೆನಪಾಗುತ್ತದೆ. ನಾನು ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ, ಅಂದರೆ ಎಲ್ಲರ ಬಾಯಲ್ಲಿ ಅನಾಟಮಿ, ಕಲಿಸುವವಳು. ಎಂ.ಡಿ. ಮುಗಿಸಿ, ಪಾಠ ಮಾಡುತ್ತಲೇ ನಾಲಿಗೆಯ ಕ್ಯಾನ್ಸರ್ ಮೇಲೆ ಪಿಎಚ್.ಡಿ. ಮಾಡಿದೆ. ನೋಂದಣಿಯಾದದ್ದು 2018ರ ಆಗಸ್ಟ್‌ನಲ್ಲಿ, ವೈವಾ ಆದದ್ದು 2024ರ ನವೆಂಬರ್‌ನಲ್ಲಿ. ಈ ನಡುವೆ ‘ಮೇಡಂ, ನಾನೂ ಮಾಡಬೇಕೆಂದಿದ್ದೇನೆ, ಹೇಗೆ?’ ಎಂದು ಕೇಳಿಕೊಂಡು ಬಂದ ಕಿರಿಯರು ಏಳೆಂಟು ಮಂದಿ. ಕ್ಲಾಸಿಗೆ ಓಡುವ ಅವಸರದಲ್ಲಿ ಎಲ್ಲರಿಗೂ ಅರ್ಧಂಬರ್ಧ ಹೇಳಿ ಕಳಿಸಿದ್ದೇನೆ. ಉಳಿದರ್ಧ ಇಲ್ಲಿದೆ.

ಎಂ.ಡಿ. ಆದಮೇಲೆ ಪಿಎಚ್.ಡಿ. ಏಕೆ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಬಡ್ತಿಗಾಗಿ ಎಂದರೆ ಬೇಡ. ಎಂ.ಡಿ. ಆದವರು ಸಹಪ್ರಾಧ್ಯಾಪಕರಾಗಲು ಕೇಳುವುದು ಸೇವೆಯ ವರ್ಷಗಳು, ಪ್ರಕಟವಾದ ಲೇಖನಗಳು, ಬೋಧನೆ ಮತ್ತು ಸಂಶೋಧನೆಯ ಎರಡು ಕಡ್ಡಾಯ ಕೋರ್ಸುಗಳು, ಪಿಎಚ್.ಡಿ.ಯನ್ನು ಯಾರೂ ಕೇಳುವುದಿಲ್ಲ. ಎಂ.ಎಸ್ಸಿ. ಹಾದಿಯಲ್ಲಿ ಬಂದವರ ಮಾತು ಬೇರೆ, ಅವರಿಗೆ ಸಹಾಯಕ ಪ್ರಾಧ್ಯಾಪಕರಾಗುವುದಕ್ಕೇ ಅದು ಬೇಕು. ನನಗಂತೂ ಪದವಿಯಿಂದ ಸಂಬಳಕ್ಕೆ ಒಂದು ರೂಪಾಯಿಯೂ ಸೇರಿಲ್ಲ.

ನನ್ನ ಕಾರಣ ಮನೆಯದ್ದು. ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. 2014ರಲ್ಲಿ ದೊಡ್ಡಪ್ಪನ ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಕತ್ತಿನಲ್ಲಿ ಗಂಟು ಇರಲಿಲ್ಲ. ಆದರೂ ಕತ್ತನ್ನು ಬಿಡಿಸಿ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯಬೇಕೇ, ಕಾದು ನೋಡಬೇಕೇ ಎಂದು ವೈದ್ಯರಲ್ಲೇ ಎರಡು ಮಾತು. ಮನೆಯವರೆಲ್ಲ ನನ್ನ ಕಡೆ ತಿರುಗಿದರು: ‘ನೀನು ಕತ್ತನ್ನೇ ಓದಿದವಳಲ್ಲವೇ, ಹೇಳು.’ ನಾಲಿಗೆಯ ತುದಿಯ ದುಗ್ಧರಸ ಗದ್ದದ ಕೆಳಗಿನ ಗ್ರಂಥಿಗೆ, ಅಂಚಿನದು ದವಡೆಯ ಕೆಳಗಿನದಕ್ಕೆ, ಹಿಂಭಾಗದ್ದು ಎರಡೂ ಬದಿಗೆ ಎಂದು ಬೋರ್ಡಿನ ಮೇಲೆ ವರ್ಷವರ್ಷವೂ ಬಾಣ ಎಳೆಯುವವಳು ನಾನು. ಯಾರಲ್ಲಿ ಆ ಬಾಣದ ಗುಂಟ ಕ್ಯಾನ್ಸರ್ ಹೊರಡುತ್ತದೆ, ಯಾರಲ್ಲಿ ಹೊರಡುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಮರುವರ್ಷ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು: ಗಂಟು ಕಾಣದಿದ್ದರೂ ಮೊದಲೇ ಕತ್ತಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮೂರು ವರ್ಷ ಬದುಕುಳಿದವರು ಶೇ. 80, ಗಂಟು ಕಂಡಮೇಲೆ ಮಾಡಿಸಿಕೊಂಡವರಲ್ಲಿ ಶೇ. 67.5. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೊಡ್ಡಪ್ಪನ ವಿಷಯದಲ್ಲಿ ನಾವು ಕಾದು ನೋಡಿದ್ದೆವು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೂ, ಹೆಣ ಕೆಡದಂತೆ ಇಡಲು ನಾವು ಬಳಸುವ ಫಾರ್ಮಾಲ್ಡಿಹೈಡನ್ನೂ ಇಪ್ಪತ್ತು ವರ್ಷಗಳ ಹಿಂದೆಯೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಲ್ಲಿಗೆ ನನ್ನ ತವರಿನ ಆದಾಯವೂ ಆ ಪಟ್ಟಿಗೆ ಹೋಯಿತು, ನನ್ನ ಕೆಲಸದ ಕೋಣೆಯೂ ಹೋಯಿತು. ಊರಿನಲ್ಲಿ ಈ ಮಾತೆತ್ತಿದರೆ ಇವತ್ತಿಗೂ ಯಾರೂ ಕಾಫಿ ಕೊಡುವುದಿಲ್ಲ.

ವಿಷಯ ಇಷ್ಟು: ನಾಲಿಗೆಯ ಗಡ್ಡೆಯ ಒಳಗೆ ಮತ್ತು ಅಂಚಿನಲ್ಲಿ ಸೂಕ್ಷ್ಮ ದುಗ್ಧನಾಳಗಳು ಎಷ್ಟು ದಟ್ಟವಾಗಿವೆ ಎಂದು ಎಣಿಸುವುದು, ಕತ್ತಿಗೆ ಹರಡಿದವರಿಗೂ ಹರಡದವರಿಗೂ ವ್ಯತ್ಯಾಸ ಇದೆಯೇ ಎಂದು ನೋಡುವುದು. ಪ್ರವೇಶ ಪರೀಕ್ಷೆ, ಸಂದರ್ಶನ, ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಎಲ್ಲ ನಾಲ್ಕು ತಿಂಗಳಲ್ಲಿ ಮುಗಿದವು. ಇನ್ನು ಓಟವೇ ಎಂದುಕೊಂಡೆ. ಆದರೆ ರೋಗಿಗಳ ಹಿತ ನೋಡಿ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಬಾಗಿಲಲ್ಲಿ ಒಂಬತ್ತು ತಿಂಗಳು ನಿಂತೆ.

ಅದರಲ್ಲಿ ಅರ್ಧ ತಪ್ಪು ನನ್ನದೇ. ಹಳೆಯ ಬ್ಲಾಕುಗಳು, ಅಂದರೆ ಶಸ್ತ್ರಚಿಕಿತ್ಸೆಯ ಬಳಿಕ ಪೆಥಾಲಜಿ ವಿಭಾಗ ಮೇಣದಲ್ಲಿ ಹುದುಗಿಸಿಟ್ಟ ತುಂಡುಗಳು, ಬಳಸುವುದಕ್ಕೆ ಒಪ್ಪಿಗೆಪತ್ರದಿಂದ ವಿನಾಯಿತಿ ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶ ಇದೆ. ಹೊಸ ರೋಗಿಗಳದ್ದಾದರೆ ಒಬ್ಬೊಬ್ಬರ ಒಪ್ಪಿಗೆಯೂ ಬೇಕು, ಅದೂ ಅವರ ಭಾಷೆಯಲ್ಲಿ. ಕನ್ನಡದ ಮಾಹಿತಿ ಪತ್ರವನ್ನು ನಾನು ಬಹಳ ಹೆಮ್ಮೆಯಿಂದ ಬರೆದುಕೊಂಡು ಹೋಗಿದ್ದೆ. ‘ಜಿಹ್ವಾ ಅರ್ಬುದದಲ್ಲಿ ದುಗ್ಧವಾಹಿನೀ ಸಾಂದ್ರತೆ’ ಎಂಬುದು ಅದರ ಮೊದಲ ಸಾಲು. ಸಮಿತಿಯಲ್ಲಿ ಸಾಮಾನ್ಯ ಜನರ ಪ್ರತಿನಿಧಿ ಎಂದು ಒಬ್ಬರಿರಲೇಬೇಕು. ನಮ್ಮಲ್ಲಿ ಅವರು ನಿವೃತ್ತ ಕನ್ನಡ ಮೇಷ್ಟ್ರು. ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿದರು. ‘ಅಮ್ಮಾ, ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದ್ದೇನೆ. ನನಗೇ ಗೊತ್ತಾಗಲಿಲ್ಲ. ಆಪರೇಷನ್ ಮಾಡಿಸಿಕೊಳ್ಳುವವನಿಗೆ ಏನು ಗೊತ್ತಾದೀತು?’ ಅರ್ಜಿ ವಾಪಸ್. ಮುಂದಿನ ಸಭೆ ಮೂರು ತಿಂಗಳ ಮೇಲೆ. ಆ ಸಭೆಗೆ ಹೊರಗಿನ ಇಬ್ಬರು ಸದಸ್ಯರು ಬರಲಿಲ್ಲ, ಕೋರಂ ಆಗಲಿಲ್ಲ, ಮತ್ತೆ ಮೂರು ತಿಂಗಳು.

ಮುಂದೆ ಹೋಗುವವರು ಎರಡು ಕೆಲಸ ಮಾಡಿ. ಸಭೆ ಯಾವ ತಿಂಗಳಲ್ಲಿ ಕೂರುತ್ತದೆ ಎಂದು ತಿಳಿದುಕೊಂಡು ಸಿನಾಪ್ಸಿಸ್‌ನ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಕನ್ನಡದ ಪತ್ರವನ್ನು ಸಮಿತಿಗೆ ಕೊಡುವ ಮೊದಲು ನಿಮ್ಮ ವಿಭಾಗದ ಅಟೆಂಡರ್‌ಗೆ ಓದಲು ಕೊಡಿ. ಎರಡನೆಯ ಸಲ ನಾನು ಬರೆದದ್ದು: ‘ನಿಮ್ಮ ನಾಲಿಗೆಯಿಂದ ತೆಗೆದ ಗಡ್ಡೆಯ ಸಣ್ಣ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಇದಕ್ಕಾಗಿ ಬೇರೆ ಗಾಯ ಮಾಡುವುದಿಲ್ಲ. ಇದರಿಂದ ನಿಮ್ಮ ಚಿಕಿತ್ಸೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.’ ಮೇಷ್ಟ್ರು ಒಂದು ಅಲ್ಪವಿರಾಮ ತಿದ್ದಿ ಒಪ್ಪಿದರು.

ಆ ಮೂರನೆಯ ವಾಕ್ಯವನ್ನು ರೋಗಿಯ ಎದುರು ಕುಳಿತು ಬಾಯಿಬಿಟ್ಟು ಹೇಳುವುದು ಬರೆದಷ್ಟು ಸುಲಭವಲ್ಲ. ಅನಾಟಮಿಯವರಿಗೆ ಜೀವ ಇರುವವರೊಂದಿಗೆ ಮಾತಾಡಿ ಅಭ್ಯಾಸ ಕಡಿಮೆ. ಮೊದಲ ದಿನ ಒಬ್ಬರು ತೋಟದ ಕೂಲಿಯವರ ಹಾಸಿಗೆಯ ಪಕ್ಕ ಕುಳಿತೆ. ಅವರಿಗೆ ಮಾತು ಸ್ಪಷ್ಟವಾಗಿ ಬರುತ್ತಿರಲಿಲ್ಲ, ಹೆಂಡತಿಯೇ ಕೇಳಿದರು: ‘ಇದರಿಂದ ಇವರಿಗೆ ಏನು ಉಪಯೋಗ?’ ಇಲ್ಲ ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕಡಿದು ಎಸೆಯುವುದನ್ನು ಯಾರೋ ಓದಿಕೊಳ್ಳುವುದಾದರೆ ಓದಿಕೊಳ್ಳಲಿ ಬಿಡಿ’ ಎಂದರು ಆಕೆ. ಗಂಡ ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಸಹಿ ಬೇಕು; ನನ್ನ ಪಿ.ಜಿ. ವಿದ್ಯಾರ್ಥಿಯಿಂದ ಹಾಕಿಸಿ ಒಮ್ಮೆ ಬೈಸಿಕೊಂಡಿದ್ದೇನೆ, ನೀವು ಹಾಗೆ ಮಾಡಬೇಡಿ.

ನಮ್ಮ ಆಸ್ಪತ್ರೆಯಲ್ಲಿ ಬ್ಲಾಕುಗಳು ಸಾಲಲಿಲ್ಲ. ನಾಲಿಗೆಯ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಜನ ಬೆಂಗಳೂರಿಗೋ ಮಂಗಳೂರಿಗೋ ಹೊರಡುತ್ತಾರೆ. ಅಂಕಿಸಂಖ್ಯಾ ತಜ್ಞರು ಲೆಕ್ಕ ಹಾಕಿ ಕನಿಷ್ಠ ಅರವತ್ತು ಬೇಕೆಂದರು, ನಮ್ಮ ಕಪಾಟಿನಲ್ಲಿ ಸಿಕ್ಕಿದ್ದು ಇಪ್ಪತ್ತಾರು. ಉಳಿದದ್ದಕ್ಕೆ ಇನ್ನೊಂದು ಆಸ್ಪತ್ರೆಯ ಮೊರೆ ಹೋಗಬೇಕಾಯಿತು. ಅಲ್ಲಿನ ಪೆಥಾಲಜಿ ಮುಖ್ಯಸ್ಥರು ಫೋನಿನಲ್ಲೇ ‘ಧಾರಾಳವಾಗಿ ಬನ್ನಿ’ ಎಂದರು. ಆದರೆ ಆ ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪ್ರತ್ಯೇಕ, ಎರಡೂ ಸಂಸ್ಥೆಗಳ ಒಪ್ಪಂದ ಪತ್ರ ಪ್ರತ್ಯೇಕ, ಅದಕ್ಕೆ ಕಾನೂನು ಸಲಹೆಗಾರರ ಟಿಪ್ಪಣಿ ಪ್ರತ್ಯೇಕ. ಫೋನಿನ ‘ಧಾರಾಳವಾಗಿ’ ಕಾಗದಕ್ಕೆ ಇಳಿಯಲು ಏಳು ತಿಂಗಳು ಹಿಡಿಯಿತು. ಕೊನೆಗೆ ಹಳೆಯವು ನಲವತ್ತು, ಹೊಸ ರೋಗಿಗಳವು ಇಪ್ಪತ್ತೆರಡು ಆದವು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಆ ವರ್ಷದ ಬಗ್ಗೆ ಹೇಳುವುದೇನೂ ಇಲ್ಲ. ಡಿಸೆಕ್ಷನ್ ಹಾಲಿಗೆ ಬೀಗ, ನಾನು ಮನೆಯಲ್ಲಿ ಕುಳಿತು ಮೊಬೈಲಿನ ಎದುರು ಮೂಳೆ ಹಿಡಿದು ಪಾಠ ಮಾಡುತ್ತಿದ್ದೆ.

ಪ್ರಯೋಗದ ಕೆಲಸ ಶುರುವಾದದ್ದು 2021ರಲ್ಲಿ. ದುಗ್ಧನಾಳಗಳು ಸಾಮಾನ್ಯ ಬಣ್ಣದಲ್ಲಿ ರಕ್ತನಾಳಗಳಿಂದ ಬೇರೆಯಾಗಿ ಕಾಣುವುದು ಕಷ್ಟ. ಡಿ2-40 ಎಂಬ ಆಂಟಿಬಾಡಿ ಹಾಕಿ ಬಣ್ಣ ಬರಿಸಿದರೆ, ನಾಳಗಳ ಪೈಕಿ ಇವುಗಳ ಗೋಡೆ ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಆಂಟಿಬಾಡಿಯ ಒಂದು ಸೀಸೆಗೆ ನಾನು ಕೊಟ್ಟದ್ದು 42,000 ರೂಪಾಯಿ, ಎರಡು ಸೀಸೆ ಬೇಕಾದವು. ಮೊದಲನೆಯದರ ಅರ್ಧ ನೀರಿನಲ್ಲಿ ಹೋಯಿತು, ಅಕ್ಷರಶಃ. ಉಳಿತಾಯ ಮಾಡುವ ಬುದ್ಧಿಯಿಂದ ಸಾದಾ ಗಾಜಿನ ಸ್ಲೈಡ್ ಬಳಸಿದೆ. ಆಂಟಿಜನ್, ಅಂದರೆ ಆಂಟಿಬಾಡಿ ಹೋಗಿ ಅಂಟುವ ವಸ್ತು, ಹೊರತೆಗೆಯಲು ಸ್ಲೈಡುಗಳನ್ನು ಸಿಟ್ರೇಟ್ ದ್ರಾವಣದಲ್ಲಿ ಕುಕ್ಕರಿನೊಳಗೆ ಕುದಿಸಬೇಕು. ಮುಚ್ಚಳ ತೆಗೆದರೆ ನಾಲ್ಕು ಮೈಕ್ರಾನಿನ ಪದರಗಳೆಲ್ಲ ಗಾಜು ಬಿಟ್ಟು ಎದ್ದು, ಗಂಜಿಯ ಕೆನೆಯ ಹಾಗೆ ಮೇಲೆ ತೇಲುತ್ತಿದ್ದವು. ಉಳಿದ ಕೆಲವನ್ನು ಹಟದಿಂದ ಮುಂದುವರಿಸಿದೆ, ಒಂದರಲ್ಲೂ ಏನೂ ಕಾಣಲಿಲ್ಲ. ಅಂಟು ಲೇಪಿಸಿದ ಸ್ಲೈಡುಗಳು ದುಬಾರಿ ನಿಜ, ಸೀಸೆಯ ಬೆಲೆಯ ಮುಂದೆ ಅದೇನೂ ಅಲ್ಲ. ಕುಕ್ಕರು ಮಾತ್ರ ನಮ್ಮ ಮನೆಯ ಹಳೆಯ ಮೂರು ಲೀಟರಿನದೇ. ಅನ್ನಕ್ಕೆ ಮೂರು ಕೂಗು, ಆಂಟಿಜನ್‌ಗೆ ಎರಡು ಎಂದು ಲ್ಯಾಬಿನ ತಂತ್ರಜ್ಞರು ಗೋಡೆಯ ಮೇಲೆ ಬರೆದಿಟ್ಟಿದ್ದರು.

ಪ್ರತಿ ಸಲ ಬಣ್ಣ ಹಾಕುವ ಸ್ಲೈಡುಗಳ ಜೊತೆ, ಬಣ್ಣ ಬರಲೇಬೇಕಾದ ಟಾನ್ಸಿಲ್‌ನ ಒಂದು ಸ್ಲೈಡ್ ಇಡುವುದನ್ನು ಮರೆಯಬೇಡಿ. ಟಾನ್ಸಿಲ್‌ನಲ್ಲಿ ಬಣ್ಣ ಬಂದು ನಿಮ್ಮ ಗಡ್ಡೆಯಲ್ಲಿ ಬರದಿದ್ದರೆ ಅದು ಫಲಿತಾಂಶ. ಎರಡರಲ್ಲೂ ಬರದಿದ್ದರೆ ಅದು ನಿಮ್ಮ ಕೈಗುಣ.

ಈಗ ಹೇಳಲು ಮನಸ್ಸಿಲ್ಲದ ಒಂದು ಸಂಗತಿ. ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಬ್ಲಾಕುಗಳನ್ನು ಪೆಥಾಲಜಿಯಿಂದ ರಿಜಿಸ್ಟರಿನಲ್ಲಿ ಸಹಿ ಹಾಕಿ ತಂದು, ನಮ್ಮ ಹಿಸ್ಟಾಲಜಿ ಲ್ಯಾಬಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಕೀಲಿ ನನ್ನ ಚೀಲದಲ್ಲಿ. ಅದನ್ನು ಜವಾಬ್ದಾರಿ ಎಂದುಕೊಂಡಿದ್ದೆ. ಆ ಅಕ್ಟೋಬರಿನಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗ ಫೋನ್ ಬಂತು. ಒಬ್ಬ ರೋಗಿಯ ಮಗ ಬಂದಿದ್ದಾನೆ, ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದಾರೆ, ಅಲ್ಲಿನ ವೈದ್ಯರು ಬ್ಲಾಕ್ ಮತ್ತು ಸ್ಲೈಡ್ ತರಲು ಹೇಳಿದ್ದಾರೆ. ಅಪಾಯಿಂಟ್‌ಮೆಂಟ್ ಮರುದಿನ. ಬ್ಲಾಕ್ ನನ್ನ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ನನ್ನ ಜೊತೆ, ನಾನು ಇನ್ನೂರು ಕಿಲೋಮೀಟರ್ ದೂರದಲ್ಲಿ. ಬೀಗ ಒಡೆಯಿರಿ ಎಂದೆ. ಕಾಲೇಜಿನ ಸೊತ್ತಿನ ಬೀಗ ಒಡೆಯಲು ಬರಹದಲ್ಲಿ ಅನುಮತಿ ಬೇಕು, ಕೊಡಬೇಕಾದವರು ರಜೆಯಲ್ಲಿ. ಆ ಹುಡುಗ ಸಂಜೆಯವರೆಗೆ ಕಾದು, ತೊಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಬರಿಗೈಯಲ್ಲಿ ಹಿಂದಿರುಗಿ, ಎರಡು ದಿನದ ಮೇಲೆ ಮತ್ತೆ ಬಂದ. ಅವತ್ತು ನಾನೇ ಕೈಯಾರೆ ಕೊಟ್ಟೆ. ಜಗಳ ಮಾಡಲು ಬಂದಿರುತ್ತಾನೆ ಎಂದು ಸಿದ್ಧಳಾಗಿದ್ದೆ. ಅವನು ‘ಇದರಲ್ಲಿ ಇನ್ನೂ ಉಳಿದಿದೆ ತಾನೇ?’ ಎಂದಷ್ಟೇ ಕೇಳಿದ. ಉಳಿದಿತ್ತು. ಬ್ಲಾಕನ್ನು ಎಂದೂ ಪೂರ್ತಿ ಕತ್ತರಿಸಿ ಮುಗಿಸಬಾರದು ಎಂದು ನಮ್ಮ ಗೈಡ್ ಮೊದಲ ದಿನವೇ ಹೇಳಿದ್ದರು. ಆ ಮಾತನ್ನು ನಾನು ಪೆಥಾಲಜಿಯವರ ಜಿಪುಣತನ ಎಂದುಕೊಂಡಿದ್ದೆ.

ಮರುದಿನದಿಂದಲೇ ಪದ್ಧತಿ ಬದಲಾಯಿಸಿದೆ. ಒಂದು ಸಲಕ್ಕೆ ಹತ್ತು ಬ್ಲಾಕ್ ಮಾತ್ರ ತರುವುದು, ಪದರ ಕತ್ತರಿಸಿಕೊಂಡು ವಾರದೊಳಗೆ ಹಿಂದಿರುಗಿಸುವುದು, ಇನ್ನೊಂದು ಕೀಲಿ ಪೆಥಾಲಜಿಯ ತಂತ್ರಜ್ಞರ ಬಳಿ. ನೀವು ಮೊದಲ ದಿನದಿಂದಲೇ ಹೀಗೆ ಮಾಡಿ. ನಿಮ್ಮ ಪಟ್ಟಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆ ಇರಬಹುದು, ವಸ್ತು ನಿಮ್ಮದಲ್ಲ.

ಎಣಿಕೆಗೆ ಹೋಗೋಣ. ವೈಡ್ನರ್ ಎಂಬವರು 1991ರಲ್ಲಿ ಸ್ತನ ಕ್ಯಾನ್ಸರಿನ ರಕ್ತನಾಳಗಳನ್ನು ಎಣಿಸಲು ಬಳಸಿದ ಕ್ರಮವನ್ನೇ ದುಗ್ಧನಾಳಗಳಿಗೂ ಬಳಸುತ್ತಾರೆ: ಕಡಿಮೆ ವರ್ಧನೆಯಲ್ಲಿ ಅತಿ ದಟ್ಟವಾದ ಜಾಗಗಳನ್ನು ಹುಡುಕಿ, ಹೆಚ್ಚಿನ ವರ್ಧನೆಯಲ್ಲಿ ಎಣಿಸುವುದು. ಗಡ್ಡೆಯ ಒಳಗೆ ಮೂರು ಜಾಗ, ಅಂಚಿನಲ್ಲಿ ಮೂರು. ಅರವತ್ತೆರಡಕ್ಕೆ 372 ಜಾಗ. ಒಬ್ಬರು ಎಣಿಸಿದರೆ ನಂಬುವವರಿಲ್ಲ. ಪೆಥಾಲಜಿಯ ಸ್ನೇಹಿತೆ ನನ್ನ ಸಂಖ್ಯೆ ನೋಡದೆ ಅಷ್ಟನ್ನೂ ಮತ್ತೆ ಎಣಿಸಿದಳು. ಒಂದನೆಯ ವರ್ಷದ ನೂರೈವತ್ತು ಮಕ್ಕಳ ಪಾಠ, ಡಿಸೆಕ್ಷನ್, ಇಂಟರ್ನಲ್ ಪರೀಕ್ಷೆ ಎಲ್ಲ ಮುಗಿದ ಮೇಲೆ ಸಂಜೆ ಐದರಿಂದ ಏಳರವರೆಗೆ. ಮಗಳು ಆ ವರ್ಷ ಹೋಮ್‌ವರ್ಕನ್ನು ಲ್ಯಾಬಿನ ಸ್ಟೂಲಿನ ಮೇಲೆ ಕುಳಿತು ಮಾಡಿದಳು.

ಅಂಕಿಸಂಖ್ಯಾ ತಜ್ಞರನ್ನು ಮಾದರಿಯ ಗಾತ್ರಕ್ಕೆಂದು ಒಮ್ಮೆ ನೋಡಿ ಮರೆಯಬೇಡಿ. ಇಬ್ಬರ ಎಣಿಕೆ ಎಷ್ಟು ಹೊಂದುತ್ತದೆ ಎಂದು ತೋರಿಸಲು ನಾನು ಕಪ್ಪಾ ಲೆಕ್ಕ ಹಾಕಿಸಿಕೊಂಡು ಹೋಗಿದ್ದೆ. ಅದು ‘ಇದೆ, ಇಲ್ಲ’ ಎಂಬಂಥ ಉತ್ತರಗಳಿಗೆ, ಸಂಖ್ಯೆಗಳಿಗೆ ಬೇರೆ ಲೆಕ್ಕ ಇದೆ ಎಂದು ಅವರು ನಕ್ಕರು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಆರು ತಿಂಗಳ ವರದಿಯ ಸಭೆಯೊಂದರಲ್ಲಿ ಬಿತ್ತು. ಸಲಹಾ ಸಮಿತಿಯ ಒಬ್ಬರು ಕೇಳಿದರು: ‘ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ?’ ಬಾಯಿಯ ಕ್ಯಾನ್ಸರಿನ ಹಂತ ನಿರ್ಧರಿಸುವಾಗ ಆಳವನ್ನೂ ಸೇರಿಸಬೇಕೆಂಬುದು ಕ್ಯಾನ್ಸರಿನ ಹಂತ ಗುರುತಿಸುವ ಟಿಎನ್‌ಎಂ ಪದ್ಧತಿಯ ಎಂಟನೆಯ ಆವೃತ್ತಿಯಲ್ಲಿ ಬಂದದ್ದು. ಅದು ಬಳಕೆಗೆ ಬಂದದ್ದು 2018ರಿಂದ. ನನ್ನ ಹಳೆಯ ನಲವತ್ತು ರೋಗಿಗಳ ವರದಿಗಳಲ್ಲಿ ಆಳದ ಸುದ್ದಿಯೇ ಇಲ್ಲ. ಎಲ್ಲ ಹಳೆಯ ಸ್ಲೈಡುಗಳನ್ನೂ ಮತ್ತೆ ತೆಗೆಸಿ, ಪಕ್ಕದ ಆರೋಗ್ಯವಂತ ಒಳಪೊರೆಯ ತಳದ ಮಟ್ಟದಿಂದ ತೂಗುಗುಂಡು ಇಳಿಬಿಟ್ಟ ಹಾಗೆ ನೇರ ಗೆರೆ ಎಳೆದು, ಮಿಲಿಮೀಟರುಗಳಲ್ಲಿ ಅಳೆದೆವು. ಇದಕ್ಕೆ ಐದು ತಿಂಗಳು. ಅಳೆದು ಮುಗಿಸಿ ಲೆಕ್ಕ ಹಾಕಿದಾಗ ಏನಾಯಿತು? ಅಂಚಿನಲ್ಲಿ ದುಗ್ಧನಾಳ ದಟ್ಟವಾಗಿದ್ದವರಲ್ಲಿ ಕತ್ತಿಗೆ ಹರಡಿದ್ದು ಹೆಚ್ಚು ಎಂದು ಅಲ್ಲಿಯವರೆಗೆ ಚೆನ್ನಾಗಿ ಕಾಣುತ್ತಿದ್ದ ಫಲಿತಾಂಶ, ಆಳವನ್ನು ಸೇರಿಸಿದ ಕೂಡಲೇ ಸೊರಗಿತು. ಆಳದ ಗಡ್ಡೆಗಳಲ್ಲೇ ನಾಳಗಳೂ ದಟ್ಟ. ಹರಡುವಿಕೆಯನ್ನು ಹೇಳಲು ಆಳವೊಂದೇ ಬಹುಪಾಲು ಸಾಕು. ಇಷ್ಟು ದಿನದ ಎಣಿಕೆಯನ್ನು ಒಂದು ಅಳತೆಪಟ್ಟಿ ಸೋಲಿಸಿತು.

ಅವತ್ತು ಬಿಟ್ಟುಬಿಡುತ್ತೇನೆ ಎಂದು ಗೈಡ್ ಮನೆಗೆ ಹೋಗಿ ಹೇಳಿದೆ. ಅವರು ಆಗಲೇ ನಿವೃತ್ತರಾಗಿದ್ದರು. ‘ಇಲ್ಲ ಎಂದು ಬಂದದ್ದೂ ಬರೆಯುವಂಥದ್ದೇ ಅಲ್ಲವೇನಮ್ಮ’ ಎಂದು ಹೇಳಿ, ಅವಲಕ್ಕಿ ತಿನ್ನಿಸಿ ಕಳಿಸಿದರು. ಹೌದು, ಗೈಡ್ ನಿವೃತ್ತಿಯೂ ಒಂದು ಅಡ್ಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ನಿವೃತ್ತರಾದವರು ಸಹ ಮಾರ್ಗದರ್ಶಕರಾಗಿ ಎಪ್ಪತ್ತು ವರ್ಷದವರೆಗೆ ಇರಬಹುದು. ಗೈಡ್ ಆರಿಸುವಾಗ ಅವರ ಪ್ರಕಟಣೆಗಳ ಜೊತೆಗೆ ಹುಟ್ಟಿದ ವರ್ಷವನ್ನೂ ವಿಚಾರಿಸಿ, ಸಂಕೋಚ ಬೇಡ. ನನಗೆ ಹೊಸ ಗೈಡ್ ಹೆಸರು ದಾಖಲಾಗಲು ನಾಲ್ಕು ತಿಂಗಳು, ಮೂರು ನಿರಾಕ್ಷೇಪಣಾ ಪತ್ರ, ಒಂದು ಶುಲ್ಕ.

ಲೇಖನ ಪ್ರಕಟಣೆ, ಥೀಸಿಸ್ ಬರೆಯುವುದು ಎಲ್ಲರ ಕಥೆಯೂ ಒಂದೇ. ಮೂರು ಪತ್ರಿಕೆಗಳು ತಿರಸ್ಕರಿಸಿ ನಾಲ್ಕನೆಯದು ತೆಗೆದುಕೊಂಡಿತು. ‘ನಾಲ್ಕು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಹಣ ಕಳಿಸಿ’ ಎಂದು ಬರುವ ಮಿಂಚಂಚೆಗಳನ್ನು ತೆರೆಯಬೇಡಿ. ನಕಲು ಪರೀಕ್ಷೆಯಲ್ಲಿ ಮೊದಲ ಸಲ ಶೇ. 17 ಬಂದು ಎದೆ ಧಸಕ್ಕೆಂದಿತು. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗೆ ಮಾತ್ರ ದಂಡವಿಲ್ಲ. ನೋಡಿದರೆ ನಕಲಿನ ಮೂಲ ನಾನೇ, ನನ್ನದೇ ಪ್ರಕಟಿತ ಲೇಖನ. ಗೈಡ್ ಪ್ರಮಾಣಪತ್ರ ಕೊಟ್ಟಮೇಲೆ ಅದನ್ನು ಬಿಟ್ಟು ನೋಡಿ ಶೇ. 8 ಎಂದು ಬರೆದುಕೊಟ್ಟರು. 2023ರ ಡಿಸೆಂಬರ್‌ನಲ್ಲಿ ಸಲ್ಲಿಸಿದೆ. ಒಬ್ಬ ಪರೀಕ್ಷಕರ ವರದಿ ಎರಡು ತಿಂಗಳಲ್ಲಿ ಬಂತು. ಇನ್ನೊಬ್ಬರದ್ದು ಏಳು ತಿಂಗಳಾದರೂ ಬರಲಿಲ್ಲ. ವಿಚಾರಿಸಿದರೆ ಪ್ರತಿ ಸಲವೂ ‘ನೆನಪೋಲೆ ಕಳಿಸಿದ್ದೇವೆ’ ಎಂಬ ಉತ್ತರ. ಎಂಟನೆಯ ತಿಂಗಳು ವರದಿ ಬಂತು, ಒಂದೂವರೆ ಪುಟ.

ಖರ್ಚು ಕೇಳುತ್ತೀರಿ, ಗೊತ್ತು. ವಿಶ್ವವಿದ್ಯಾಲಯದ ಎಲ್ಲ ಶುಲ್ಕ ಸೇರಿ ನನಗೆ ಸುಮಾರು 1,10,000 ರೂಪಾಯಿ, ಲ್ಯಾಬಿನದು 1,86,000, ಥೀಸಿಸ್ ಮುದ್ರಣ, ಬೈಂಡಿಂಗ್ 9,400. ಕಾಲೇಜು 50,000 ರೂಪಾಯಿ ಮಂಜೂರು ಮಾಡಿತ್ತು. ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲುಗಳನ್ನು ಬಿಟ್ಟು 31,000 ಕೈಗೆ ಬಂತು, ಅದೂ ಹದಿನಾಲ್ಕು ತಿಂಗಳ ಮೇಲೆ. ಬಸ್ಸು, ಕಾಫಿ, ತಲೆನೋವಿನ ಮಾತ್ರೆಯ ಲೆಕ್ಕ ಇಟ್ಟಿಲ್ಲ.

ವೈವಾ ಒಂದೂವರೆ ಗಂಟೆ ನಡೆಯಿತು. ನಾನು ಹೆದರಿದ್ದ ಪ್ರಶ್ನೆ ಬಂದೇ ಬಂತು: ‘ಹಾಗಾದರೆ ನಿಮ್ಮ ಎಣಿಕೆಯಿಂದ ಪ್ರಯೋಜನವೇನು?’ ಆಳ ಅಳೆಯಲು ಬಾರದ ಸಣ್ಣ ಬಯಾಪ್ಸಿ ಚೂರುಗಳಲ್ಲಿ, ಆಪರೇಷನ್‌ಗೆ ಮುಂಚೆಯೇ, ಇದರಿಂದ ಏನಾದರೂ ತಿಳಿಯುತ್ತದೆಯೇ ಎಂದು ಇನ್ನು ನೋಡಬೇಕು ಎಂದೆ. ಅವರು ತಲೆಯಾಡಿಸಿದರು, ಒಪ್ಪಿಗೆಯೋ ದಣಿವೋ ತಿಳಿಯಲಿಲ್ಲ. ಹೊರಗೆ ಕಾಯಲು ಹೇಳಿದರು. ಕರೆದು ಕೈ ಕುಲುಕಿದರು. ಮಗಳು ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದಳು.

ಸಲಹಾ ಸಮಿತಿಯ ಒಬ್ಬರ ಆಳದ ಪ್ರಶ್ನೆಗೆಂದು ಒಟ್ಟಿಗೆ ಮತ್ತೆ ತರಿಸಿಕೊಂಡಿದ್ದ ಎಲ್ಲ ಬ್ಲಾಕುಗಳನ್ನು ಹೋದ ಸೋಮವಾರ ಹಿಂದಿರುಗಿಸಿದೆ. ಬೇರೆ ಆಸ್ಪತ್ರೆಯವನ್ನು ಅವರ ಡಬ್ಬಿಗೆ, ನಮ್ಮವನ್ನು ನಮ್ಮ ಕಪಾಟಿಗೆ. ತಂತ್ರಜ್ಞರು ರಿಜಿಸ್ಟರ್ ಬಿಚ್ಚಿಟ್ಟು ಒಂದೊಂದೇ ಸಂಖ್ಯೆ ಕೂಗಿ ಗುರುತು ಹಾಕಿದರು. ಅರವತ್ತೊಂದಕ್ಕೆ ನಿಂತು ನನ್ನ ಮುಖ ನೋಡಿದರು. ನಾನು 2021ರ ಪುಟ ತೆಗೆದು ತೋರಿಸಿದೆ. ಆ ಹುಡುಗನ ಸಹಿ ಇತ್ತು, ಪಕ್ಕದಲ್ಲಿ ‘ತಾಯಿಯ ಬ್ಲಾಕ್ 1, ಸ್ಲೈಡ್ 4 ಪಡೆದಿದ್ದೇನೆ’ ಎಂದು ಕನ್ನಡದಲ್ಲಿ ಬರೆದಿದ್ದ. ತಂತ್ರಜ್ಞರು ಅದಕ್ಕೂ ಒಂದು ಗುರುತು ಹಾಕಿ, ಪುಸ್ತಕ ಮುಚ್ಚಿ, ಕೈ ಚಾಚಿದರು.

‘ಡ್ರಾಯರಿನ ಕೀಲಿ, ಮೇಡಂ.’

ಚೀಲದಿಂದ ತೆಗೆದು ಕೊಟ್ಟೆ.